ಬಾಯ್ಲರಿನ ಒತ್ತಡ ಕುಸಿದಾಗ

ರಾಜಾಜಿನಗರ ಕೈಗಾರಿಕಾ ಬಡಾವಣೆಯಂತಹ ಕಡೆ ಸಣ್ಣ ಘಟಕದ ಉಗಿ ಬಾಯ್ಲರಿನಲ್ಲಿ ಒತ್ತಡ ಕುಸಿದರೆ ಮಾಲೀಕರಿಗೆ ಮೊದಲು ಹೊಳೆಯುವುದು ಉರಿ ಹೆಚ್ಚಿಸುವ ಉಪಾಯ. ಮೊದಲು ನೋಡತಕ್ಕದ್ದು ನೀರಿನ ಮಟ್ಟ ತೋರುವ ಗಾಜನ್ನು. ಅದರಲ್ಲಿ ನೀರು ಕಾಣದಿದ್ದಲ್ಲಿ ಕೂಡಲೇ ಉರಿ ನಿಲ್ಲಿಸಿ ತಣಿಯಲು ಬಿಡಬೇಕು. ಕೆಂಪಗೆ ಕಾದ ಲೋಹಕ್ಕೆ ತಣ್ಣೀರು ಹಾಯಿಸಿದರೆ ಸ್ಫೋಟದ ಅಪಾಯವುಂಟು.

ನೀರು ಸರಿಯಿದ್ದರೆ ಸೋರುವ ಜೋಡಣೆ, ಮುಚ್ಚದೆ ಉಳಿದ ಸ್ಟೀಮ್ ಟ್ರ್ಯಾಪ್, ಕೊಳವೆಬಾವಿಯ ಗಡಸು ನೀರಿನಿಂದ ಕಟ್ಟಿದ ಸುಣ್ಣದ ಪದರ, ಇವುಗಳನ್ನು ಪರೀಕ್ಷಿಸಬೇಕು. ಸೋರಿಕೆಗೆ ಖಾತೆಪುಸ್ತಕದಲ್ಲಿ ಪ್ರತ್ಯೇಕ ಬಾಬಿಲ್ಲ. ಅದು ಇಂಧನದ ವೆಚ್ಚದಲ್ಲೇ ಅಡಗಿರುತ್ತದೆ. ಆದುದರಿಂದ ಉತ್ಪಾದನೆಯ ಪ್ರತಿ ಘಟಕಕ್ಕೆ ತಗಲಿದ ಇಂಧನವನ್ನು ತಿಂಗಳು ತಿಂಗಳು ಹೋಲಿಸುವುದು ಲೇಸು.

1923ರ ಕಾಯ್ದೆಯ ಸ್ಥಾನದಲ್ಲಿ ಬಂದ 2025ರ ಬಾಯ್ಲರ್ ಕಾಯ್ದೆಯಲ್ಲಿಯೂ ಪ್ರಮಾಣಪತ್ರದ ಮಿತಿ ಮೀರಿದ ಒತ್ತಡಕ್ಕೆ ಅವಕಾಶವಿಲ್ಲ. ಒತ್ತಡ ಉಳಿಸಲೆಂದು ಸುರಕ್ಷತಾ ಕವಾಟವನ್ನು ಬಿಗಿದು ಕಟ್ಟುವುದು ದಂಡನೀಯ ಅಪರಾಧ.