ಅಮೆರಿಕದ ಡೆಕ್: ಹಿತ್ತಿಲ ಜಗಲಿಯ ಕಟ್ಟುಪಾಡು
ಅಮೆರಿಕದ ಮನೆಗಳ ಹಿಂಬದಿಗೆ ಹೊಂದಿಕೊಂಡಂತೆ, ನೆಲಮಟ್ಟದಿಂದ ಎತ್ತರಿಸಿ, ಸಾಮಾನ್ಯವಾಗಿ ಸೂರಿಲ್ಲದೆ ಕಟ್ಟುವ ಮರದ ಜಗಲಿಗೆ ಡೆಕ್ ಎಂದು ಹೆಸರು. ನೋಡಲು ಸರಳವಾದ ಈ ರಚನೆಯ ಜೀವವಿರುವುದು ಸುಲಭವಾಗಿ ಕಣ್ಣಿಗೆ ಬೀಳದ ಒಂದು ಹಲಗೆಯಲ್ಲಿ. ಮನೆಯ ಗೋಡೆಗೆ ಬಿಗಿದು ತೊಲೆಗಳ ಒಂದು ತುದಿಯನ್ನು ಹೊರುವ, ಲೆಡ್ಜರ್ ಎನಿಸಿಕೊಳ್ಳುವ ಈ ಹಲಗೆಯನ್ನು ಬರಿಯ ಮೊಳೆಗಳಿಂದ ಜೋಡಿಸಿದರೆ ಅವು ಭಾರಕ್ಕೆ ಕಿತ್ತುಬರುವ ಅಪಾಯವಿರುವುದರಿಂದ, ಅಲ್ಲಿನ ಬಹುತೇಕ ರಾಜ್ಯಗಳಿಗೆ ಆಧಾರವಾಗಿರುವ ಮಾದರಿ ವಸತಿ ಸಂಹಿತೆಯು ಬೋಲ್ಟು ಅಥವಾ ದಪ್ಪ ತಿರುಪುಗಳನ್ನು ಕೇಳುತ್ತದೆ ಮತ್ತು ಸಂದಿಗೆ ನೀರಿಳಿದು ಗೋಡೆ ಕೊಳೆಯದಂತೆ ತಗಡಿನಂಥ ಮರೆಯನ್ನೂ ಬಯಸುತ್ತದೆ. ಚಳಿಸೀಮೆಗಳಲ್ಲಿ ಮಣ್ಣಿನ ತೇವ ಹೆಪ್ಪುಗಟ್ಟಿ ಉಬ್ಬಿದಾಗ ಕಂಬಗಳೇ ಮೇಲೇಳಬಹುದಾದ್ದರಿಂದ ಅಡಿಪಾಯವು ಆ ಹೆಪ್ಪಿನ ಆಳಕ್ಕಿಂತ ಕೆಳಗಿಳಿಯಬೇಕು. ನೆಲದಿಂದ 30 ಅಂಗುಲ ಮೀರಿದ ಡೆಕ್‌ಗೆ ಕನಿಷ್ಠ 36 ಅಂಗುಲದ ಕಟಕಟೆ ಬೇಕು. ಅದರ ಸರಳುಗಳ ನಡುವೆ 4 ಅಂಗುಲದ ಗೋಳ ತೂರಬಾರದೆಂಬ ನಿಯಮ ಎಳೆಮಕ್ಕಳನ್ನು ನೆನೆದು ಮಾಡಿದ್ದು.

ಡೆಕ್ ಕಟ್ಟುವ ಸಾಮಗ್ರಿಗಳಲ್ಲಿ ಒತ್ತಡದಲ್ಲಿ ರಕ್ಷಕ ರಾಸಾಯನಿಕ ಉಣಿಸಿದ ಪೈನ್ ಮರ ಅಗ್ಗ. ಆದರೆ ಆರ್ಸೆನಿಕ್ ಬೆರೆತ ಹಳೆಯ ರಕ್ಷಕವನ್ನು 2003ರ ಕೊನೆಗೆ ಬಹುತೇಕ ಮನೆಬಳಕೆಯಿಂದ ಕೈಬಿಟ್ಟ ಮೇಲೆ ಬಳಕೆಗೆ ಬಂದ ತಾಮ್ರಪ್ರಧಾನ ರಕ್ಷಕಗಳು ಸಾದಾ ಉಕ್ಕನ್ನು ಬೇಗ ತಿನ್ನುವುದರಿಂದ, ಕರಗಿದ ಸತುವಿನಲ್ಲಿ ಅದ್ದಿದ ಇಲ್ಲವೇ ಸ್ಟೇನ್‌ಲೆಸ್ ಉಕ್ಕಿನ ಮೊಳೆ-ತಿರುಪುಗಳೇ ಬೇಕಾಗುತ್ತವೆ. ಇಲ್ಲಿ ಉಳಿಸುವ ಕಾಸು ದುಬಾರಿಯಾದೀತು. ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಕಾಂಪೊಸಿಟ್ ಹಲಗೆಗಳು ಬಣ್ಣ-ಎಣ್ಣೆ ಕೇಳುವುದಿಲ್ಲವಾದರೂ ಬಿಸಿಲಿಗೆ ಕಾದು ಬರಿಗಾಲನ್ನು ಸುಡುತ್ತವೆ. ಅವುಗಳ ಕೆಳಗಿನ ಚೌಕಟ್ಟು ಸಾಮಾನ್ಯವಾಗಿ ಅದೇ ಪೈನ್ ಮರದ್ದಾಗಿರುತ್ತದೆ.