ಗುಡ್ಡದ ಮೇಲಿನ ರನ್‌ವೇ: ಗಾಳಿಯ ಲೆಕ್ಕ, ಮಳೆಯ ಲೆಕ್ಕ

ಕಣದಲ್ಲಿ ರಾಶಿ ತೂರಲು ನಿಂತ ರೈತ ಮೊದಲು ಮಾಡುವ ಕೆಲಸವೇನು? ಒಂದು ಹಿಡಿ ಹೊಟ್ಟನ್ನು ಮೇಲೆ ಹಾರಿಸಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಾನೆ. ನಮ್ಮ ಐಗಳಿ, ಅಥಣಿ ಕಡೆಯ ಮಕ್ಕಳಿಗೆ ಇದು ಹೊಸದಲ್ಲ. ವಿಮಾನವನ್ನು ನೆಲಕ್ಕಿಳಿಸುವ ಪೈಲಟ್ ಕೂಡ ಮೊದಲು ಕೇಳುವುದು ಇದನ್ನೇ. ಆದರೆ ಅವರಿಗೆ ಗಾಳಿಯ ಜೊತೆಗೆ ಮೋಡ, ಮಂಜು, ಮಳೆ ಹಾಗೂ ರನ್‌ವೇಯ ಮೇಲೆ ನಿಂತ ನೀರಿನ ಲೆಕ್ಕವೂ ಬೇಕು. ಈ ಲೆಕ್ಕಗಳ ಬೆಲೆಯನ್ನು ತಿಳಿಯಲು ನಮ್ಮ ರಾಜ್ಯದಲ್ಲಿ ಮಂಗಳೂರು ವಿಮಾನ ನಿಲ್ದಾಣಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಮೇಜಿನಂಥ ಗುಡ್ಡ

ಬಜ್ಪೆ-ಕೆಂಜಾರು ಬಳಿಯ ಈ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಅವರ ವಿಮಾನ ಬಂದಿಳಿಯುವುದರೊಂದಿಗೆ. ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ನೆತ್ತಿಯ ಮೇಲೆ ರನ್‌ವೇ ಇದೆ. ಅದರ ಅಂಚಿನಾಚೆ ಇಳಿಜಾರು ಮತ್ತು ಕಣಿವೆ. ಇಂಥದನ್ನು 'ಟೇಬಲ್ ಟಾಪ್' ರನ್‌ವೇ ಎನ್ನುತ್ತಾರೆ. 2,450 ಮೀಟರ್ ಉದ್ದದ ಎರಡನೆಯ ರನ್‌ವೇ 2006ರಲ್ಲಿ ಬಳಕೆಗೆ ಬಂದಿತು. ಹತ್ತಿರದಲ್ಲೇ ಅರಬ್ಬೀ ಸಮುದ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನಿಂದ ಏರಿ ಬರುವ ಮೋಡಗಳು ಕೆಲವೊಮ್ಮೆ ಗುಡ್ಡವನ್ನೇ ಮುಚ್ಚಿಬಿಡುತ್ತವೆ.

ಗಾಳಿ ಮತ್ತು ತ್ರಿಕೋನಮಿತಿ

ಈ ರನ್‌ವೇಗೆ ಒಂದು ತುದಿಯಿಂದ 06, ಇನ್ನೊಂದು ತುದಿಯಿಂದ 24 ಎಂಬ ಸಂಖ್ಯೆಗಳಿವೆ. ಇವು ದಿಕ್ಸೂಚಿಯ ಕೋನಗಳು. ಕೊನೆಯ ಸೊನ್ನೆಯನ್ನು ಬಿಟ್ಟಿದ್ದಾರೆ, ಅಷ್ಟೆ. 24 ಎಂದರೆ ವಿಮಾನದ ಮೂತಿ 240 ಡಿಗ್ರಿಯತ್ತ, ಅಂದರೆ ನೈಋತ್ಯದ ಕಡೆಗೆ. ಮುಂಗಾರು ಗಾಳಿ ಬರುವುದೂ ಹೆಚ್ಚಾಗಿ ಅತ್ತಲಿಂದಲೇ. ವಿಮಾನಕ್ಕೆ ಎದುರು ಗಾಳಿ ಶತ್ರುವಲ್ಲ, ಮಿತ್ರ!

ಹವಾಮಾನ ಸಿಬ್ಬಂದಿ ಗಾಳಿಯ ದಿಕ್ಕು-ವೇಗ, ಎಷ್ಟು ದೂರ ಕಾಣುತ್ತದೆ, ಮೋಡದ ಎತ್ತರ, ಉಷ್ಣತೆ, ವಾಯುಭಾರ ಇವೆಲ್ಲವನ್ನೂ ಒಂದು ಸಾಲಿನ ಸಂಕೇತದಲ್ಲಿ ಬರೆದು ಅರ್ಧ ಗಂಟೆಗೊಮ್ಮೆ ಕಳಿಸುತ್ತಾರೆ. ಇದರ ಹೆಸರು 'ಮೆಟಾರ್'. ಅದರಲ್ಲಿ ಗಾಳಿ 270 ಡಿಗ್ರಿಯಿಂದ 20 ನಾಟ್ ಎಂದಿದೆ ಎನ್ನೋಣ. (ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.) ರನ್‌ವೇ 24ರ ಜೊತೆ ಈ ಗಾಳಿಯ ಕೋನ 30 ಡಿಗ್ರಿ. ಸೈನ್ 30 ಅರ್ಧವಾದ್ದರಿಂದ ಅಡ್ಡಗಾಳಿ 10 ನಾಟ್. ಕೊಸೈನ್ ಲೆಕ್ಕದಂತೆ ಎದುರು ಗಾಳಿ ಸುಮಾರು 17 ನಾಟ್. 'ಈ ಸೈನ್, ಕೊಸೈನ್ ಯಾತಕ್ಕೆ ಬೇಕು ಸರ್?' ಎಂದು ಕೇಳುವ ವಿದ್ಯಾರ್ಥಿಗಳಿಗೆ ಇಲ್ಲಿದೆ ಉತ್ತರ.

ಹಿಂಗಾಳಿಯ ಅಪಾಯವನ್ನೂ ಲೆಕ್ಕದಿಂದಲೇ ತಿಳಿಯಬಹುದು. ಗಾಳಿಗೆ ಹೋಲಿಸಿದರೆ ವಿಮಾನದ ವೇಗ 140 ನಾಟ್ ಇರಲಿ. 10 ನಾಟ್ ಎದುರು ಗಾಳಿಯಿದ್ದರೆ ನೆಲದ ಮೇಲೆ ಅದರ ವೇಗ 130. ಅಷ್ಟೇ ಹಿಂಗಾಳಿಯಿದ್ದರೆ 150. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 130ರ ವರ್ಗ 16,900. 150ರ ವರ್ಗ 22,500. ಅಂದರೆ ಹಿಂಗಾಳಿಯಲ್ಲಿ ಇಳಿದ ವಿಮಾನವನ್ನು ನಿಲ್ಲಿಸಲು ಮೂರನೇ ಒಂದರಷ್ಟು ಹೆಚ್ಚು ಶಕ್ತಿಯನ್ನು ಕಳೆಯಬೇಕು!

ನೀರಿನ ಮೇಲೆ ತೇಲುವ ಗಾಲಿ

ನಮ್ಮ ಎರೆ ಮಣ್ಣಿನ ದಾರಿಯಲ್ಲಿ ಮಳೆಯಾದಾಗ ಸೈಕಲ್ಲಿನ ಬ್ರೇಕ್ ಹಿಡಿದು ಜಾರಿ ಬಿದ್ದವರು ಎಷ್ಟೋ ಮಂದಿ. ರನ್‌ವೇಯಲ್ಲಿ ಕೆಸರಿಲ್ಲ, ಆದರೆ ನೀರೇ ಸಾಕು. ವೇಗ ಒಂದು ಮಿತಿಯನ್ನು ದಾಟಿದರೆ ಟೈರಿನ ಅಡಿಯಿಂದ ನೀರು ಪಕ್ಕಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ. ಗಾಲಿ ನೆಲವನ್ನು ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಬ್ರೇಕ್ ಹಿಡಿದರೂ ಪ್ರಯೋಜನವಿಲ್ಲ. ಅಮೆರಿಕದ ನಾಸಾ ಸಂಸ್ಥೆಯ ಪ್ರಯೋಗಗಳಿಂದ ಬಂದ ಸರಳ ಸೂತ್ರ ಹೀಗಿದೆ: ಟೈರಿನ ಒತ್ತಡದ (ಚದರ ಅಂಗುಲಕ್ಕೆ ಇಷ್ಟು ಪೌಂಡ್) ವರ್ಗಮೂಲವನ್ನು 9ರಿಂದ ಗುಣಿಸಿದರೆ ತೇಲುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 200 ಪೌಂಡ್ ಒತ್ತಡದ ವಿಮಾನದ ಟೈರಿಗೆ ಇದು ಸುಮಾರು 127 ನಾಟ್. 32 ಪೌಂಡ್ ಗಾಳಿ ತುಂಬಿದ ಕಾರಿಗೆ ಸುಮಾರು 51 ನಾಟ್, ಅಂದರೆ ಗಂಟೆಗೆ 94 ಕಿ.ಮೀ. ಮಳೆಯಲ್ಲಿ ಹೆದ್ದಾರಿಯ ಮೇಲೆ ಕಾರು ಓಡಿಸುವ ಪಾಲಕರು ಈ ಅಂಕಿಯನ್ನು ನೆನಪಿನಲ್ಲಿಡಬೇಕು. ಟೈರು ಸವೆದಿದ್ದರೆ ಅಪಾಯ ಇನ್ನೂ ಬೇಗ.

ಆದ್ದರಿಂದಲೇ 'ರನ್‌ವೇ ಒದ್ದೆಯಾಗಿದೆ' ಎಂದಷ್ಟೇ ಹೇಳಿದರೆ ಪೈಲಟ್‌ಗೆ ಸಾಲದು. 2021ರ ನವೆಂಬರ್‌ನಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಪದ್ಧತಿಯಂತೆ ರನ್‌ವೇಯನ್ನು ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ 0ಯಿಂದ 6ರವರೆಗೆ ಅಂಕ ಕೊಡುತ್ತಾರೆ. ಒಣಗಿದ್ದರೆ 6. ನೀರು 3 ಮಿ.ಮೀ.ವರೆಗೆ ಇದ್ದರೆ ಸಾಮಾನ್ಯವಾಗಿ 5. ಅದಕ್ಕಿಂತ ಹೆಚ್ಚು ನಿಂತಿದ್ದರೆ ಒಮ್ಮೆಲೇ 2! ಮೂರು ಮಿಲಿಮೀಟರ್ ಎಂದರೆ ಎಷ್ಟು ಎಂದು ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಲ್ಲಿ ನೋಡಿ.

ಮಳೆಯಲ್ಲಿ ಉಳಿದವರು, ಬಿಸಿಲಿನಲ್ಲಿ ಅಳಿದವರು

1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಮಂಗಳೂರಿನ ಒದ್ದೆ ರನ್‌ವೇಯನ್ನು ದಾಟಿ ಮುಂದೆ ಹೋಗಿ ನಿಂತಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 2010ರ ಮೇ 22ರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು, ಗಾಳಿ ಶಾಂತವಾಗಿತ್ತು, ರನ್‌ವೇ ಒಣಗಿತ್ತು, ಆರು ಕಿ.ಮೀ. ದೂರ ಕಾಣುತ್ತಿತ್ತು. ಅಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಂಚನ್ನು ದಾಟಿ ಕಣಿವೆಗೆ ಬಿದ್ದು 166 ಜನರಲ್ಲಿ 158 ಮಂದಿ ಸತ್ತರು. ಉಳಿದವರು ಎಂಟೇ ಜನ.

ಹಾಗಾದರೆ ತಪ್ಪಿದ್ದೆಲ್ಲಿ? ವಿಮಾನ ಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದು, ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು ಎಂದು ತನಿಖೆ ಕಂಡುಕೊಂಡಿತು. ಉಳಿದಿದ್ದ ಜಾಗ ಮೂರು ಸಾವಿರ ಅಡಿಗೂ ಕಡಿಮೆ. ಮರಳಿ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು. ಮುಖ್ಯ ಪೈಲಟ್ ಕೇಳಲಿಲ್ಲ.

2020ರ ಆಗಸ್ಟ್ 7ರಂದು ಕೋಯಿಕ್ಕೋಡಿನ ಇಂಥದೇ ಗುಡ್ಡದ ರನ್‌ವೇಯಲ್ಲಿ ಮಳೆ, ಹಿಂಗಾಳಿ ಎರಡೂ ಇದ್ದವು. ಅಲ್ಲಿಯೂ ವಿಮಾನ ರನ್‌ವೇಯ ಅರ್ಧದಷ್ಟು ದಾಟಿ ನೆಲ ಮುಟ್ಟಿತು. ಅಲ್ಲಿಯೂ ಮೇಲೇರುವ ಸಲಹೆ ವ್ಯರ್ಥವಾಯಿತು. 21 ಜನ ಪ್ರಾಣ ಕಳೆದುಕೊಂಡರು.

ಮರಳಿ ಏರುವುದು ಸೋಲಲ್ಲ

ಮಳೆ, ಗಾಳಿ, ಮೋಡಗಳನ್ನು ಅಳೆಯಬಹುದು. ಅಳೆದ ಅಂಕಿಯನ್ನು ಪಾಲಿಸುವುದು ಮಾತ್ರ ಮನುಷ್ಯನ ಕೈಯಲ್ಲಿದೆ. ಗೊತ್ತುಪಡಿಸಿದ ಎತ್ತರಕ್ಕೆ ಇಳಿದಾಗಲೂ ರನ್‌ವೇ ಕಾಣದಿದ್ದರೆ, ಅಥವಾ ವೇಗ, ಎತ್ತರ ಸರಿಯಿಲ್ಲದಿದ್ದರೆ ಪೈಲಟ್ ಎಂಜಿನ್ನಿಗೆ ಶಕ್ತಿ ಕೊಟ್ಟು ಮರಳಿ ಮೇಲೇರಬೇಕು. ಇನ್ನೊಮ್ಮೆ ಪ್ರಯತ್ನಿಸಬೇಕು, ಆಗದಿದ್ದರೆ ಬೆಂಗಳೂರಿಗೋ ಬೇರೆಡೆಗೋ ಹೋಗಬೇಕು. ಮಳೆಗಾಲದಲ್ಲಿ ಹೀಗಾದಾಗ ಪ್ರಯಾಣಿಕರು ಗೊಣಗುವುದುಂಟು. ಕಾಯುತ್ತಿರುವ ಮನೆಯವರು ಬೇಸರಪಡುವುದುಂಟು. ಆದರೆ ತಡವಾಗಿ ಬಂದವರು ಮನೆಗೆ ಬಂದೇ ಬರುತ್ತಾರೆ.

ಪರೀಕ್ಷೆ, ಸೀಟು, ರ್‍ಯಾಂಕು ಎಂದು ಮಕ್ಕಳನ್ನು ಓಡಿಸುವ ನಾವೂ ಇದರಿಂದ ಕಲಿಯುವುದಿದೆ. ಸರಿಯಿಲ್ಲವೆಂದು ಕಂಡಾಗ ಹಿರಿಯರಿಗೂ ಹಾಗೆಂದು ಹೇಳುವ ಧೈರ್ಯ ಮಕ್ಕಳಿಗಿರಬೇಕು. ಕೇಳಿ ತಿದ್ದಿಕೊಳ್ಳುವ ಮನಸ್ಸು ಹಿರಿಯರಿಗಿರಬೇಕು. 'ಗಾಳಿ ಬಂದಾಗ ತೂರಿಕೋ' ಎನ್ನುತ್ತದೆ ಗಾದೆ. ಗಾಳಿ ಸರಿಯಿಲ್ಲದಾಗ ಮೊರವನ್ನು ಕೆಳಗಿಟ್ಟು ಕಾಯುವ ರೈತನೂ ಜಾಣನೇ.