ಮಾದರಿ ರೈಲು ಓಡಿಸಲು ಎಷ್ಟು ಬೆಲೆಯ ಟ್ಯಾಬ್ ಬೇಕು?

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆಯ ಗಿರಾಕಿಗಳು ಟ್ಯಾಬ್ ಕೇಳಿಕೊಂಡು ಬಂದರೆ ಹೆಚ್ಚಾಗಿ ಎರಡೇ ಕಾರಣ ಇರುತ್ತದೆ. ಮಕ್ಕಳ ಆನ್‌ಲೈನ್ ಪಾಠ, ಇಲ್ಲವೇ ಅಂಗಡಿಯ ಬಿಲ್ಲಿಂಗ್. ಆದರೆ ನಾರಾಯಣಖೇಡ್ ಕಡೆಯ ಮೇಷ್ಟ್ರೊಬ್ಬರು ಬಂದದ್ದು ಬೇರೆಯೇ ಕೆಲಸಕ್ಕೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವರು ಒಂದು ಮಾದರಿ ರೈಲು ಹಳಿ ಮಾಡಬೇಕು, ಅದನ್ನು ಟ್ಯಾಬ್‌ನಿಂದ ಓಡಿಸಬೇಕು. ಪೋಷಕರು ಸೇರಿಸಿ ಕೊಟ್ಟ ಹಣ 24 ಸಾವಿರ ರೂಪಾಯಿ. ಅದರಲ್ಲಿ 15 ಸಾವಿರ ಟ್ಯಾಬ್‌ಗೇ ಬೇಕು ಅಂತ ಯಾರೋ ಅವರಿಗೆ ಹೇಳಿಬಿಟ್ಟಿದ್ದರು.

ಈ ಲೆಕ್ಕ ತಪ್ಪು. ಹೇಗೆ ಅಂತ ವಿವರಿಸುತ್ತೇನೆ.

ಮೊದಲು ಊರಿನ ವಿಷಯ. ತಾಂಡೂರಿಗೆ ರೈಲು ಹೊಸದಲ್ಲ. ನಿಜಾಮರ ಕಾಲದಲ್ಲಿ 1874ರಲ್ಲಿ ತೆರೆದ ವಾಡಿ - ಸಿಕಂದರಾಬಾದ್ ಮಾರ್ಗದಲ್ಲೇ ಆ ಊರಿದೆ. ತಾಂಡೂರಿನ ಹಾಸುಗಲ್ಲು, ಸಿಮೆಂಟು, ತೊಗರಿ ಎಲ್ಲ ಆ ದಾರಿಯಲ್ಲಿ ಹೋಗಿವೆ. ಜಹೀರಾಬಾದಿನಲ್ಲಿ ವಿಕಾರಾಬಾದಿನಿಂದ ಬೀದರ್ ಮೂಲಕ ಪರಳಿಗೆ ಹೋಗುವ ಮಾರ್ಗ ಇದೆ. ನಾರಾಯಣಖೇಡ್‌ಗೆ ಮಾತ್ರ ರೈಲೇ ಇಲ್ಲ. ಅಲ್ಲಿನ ಮಗು ರೈಲು ನೋಡಬೇಕಾದರೆ ಜಹೀರಾಬಾದಿಗೋ ಬೀದರಿಗೋ ಬಸ್ಸು ಹತ್ತಬೇಕು. ಹಾಗಾಗಿ ಮೇಷ್ಟ್ರ ಯೋಜನೆ ನನಗೆ ಬರೀ ಆಟ ಅಂತ ಅನ್ನಿಸಲಿಲ್ಲ.

ಇನ್ನು ಟ್ಯಾಬ್‌ನಿಂದ ರೈಲು ಓಡುವುದು ಹೇಗೆ ಅಂತ ನೋಡೋಣ. ಹಳೇ ಪದ್ಧತಿಯಲ್ಲಿ ಹಳಿಗೆ ಕೊಡುವ ವೋಲ್ಟೇಜ್ ಹೆಚ್ಚು ಕಡಿಮೆ ಮಾಡಿ ವೇಗ ಬದಲಿಸುತ್ತಿದ್ದರು. ಒಂದೇ ಹಳಿಯಲ್ಲಿ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತಿದ್ದವು. ಈಗಿನ ಡಿಸಿಸಿ ಪದ್ಧತಿ ಹಾಗಲ್ಲ. ಜರ್ಮನಿಯ ಲೆಂಝ್ ಕಂಪೆನಿಯ ತಂತ್ರವನ್ನು ಆಧರಿಸಿ ಅಮೆರಿಕದ ಮಾದರಿ ರೈಲು ಸಂಘ 1990ರ ದಶಕದಲ್ಲಿ ಇದಕ್ಕೆ ಮಾನದಂಡ ಮಾಡಿತು. ಹಳಿಯಲ್ಲಿ ಯಾವಾಗಲೂ ಸುಮಾರು 15 ವೋಲ್ಟ್ ಇರುತ್ತದೆ. ಪ್ರತಿ ಎಂಜಿನ್ ಒಳಗೆ ಡಿಕೋಡರ್ ಎಂಬ ಸಣ್ಣ ಚಿಪ್, ಅದಕ್ಕೊಂದು ನಂಬರ್. ಹೊಸ ಡಿಕೋಡರ್‌ಗೆ ಸಾಮಾನ್ಯವಾಗಿ 3 ಎಂಬ ನಂಬರ್ ಇರುತ್ತದೆ. ‘3ನೇ ನಂಬರ್, ನಿಧಾನ ಹೋಗು’ ಎಂಬ ಆದೇಶ ಹಳಿಯಲ್ಲೇ ಹೋಗುತ್ತದೆ, 3ನೇ ನಂಬರ್ ಮಾತ್ರ ಕೇಳುತ್ತದೆ.

ಈ ಆದೇಶವನ್ನು ಹಳಿಗೆ ಹಾಕುವ ಪೆಟ್ಟಿಗೆಯ ಹೆಸರು ಕಮಾಂಡ್ ಸ್ಟೇಷನ್. ಲೆಕ್ಕ ಹಾಕುವುದು, ವಿದ್ಯುತ್ ಕೊಡುವುದು, ಎಲ್ಲ ಅದರದ್ದೇ ಕೆಲಸ. ಟ್ಯಾಬ್ ಮಾಡುವುದು ಏನು? ನೀವು ಬೆರಳಲ್ಲಿ ಗೆರೆ ಎಳೆದಾಗ ‘ವೇಗ ಇಷ್ಟು’ ಎಂಬ ಒಂದು ಸಣ್ಣ ಸಂದೇಶವನ್ನು ವೈ-ಫೈ ಮೂಲಕ ಆ ಪೆಟ್ಟಿಗೆಗೆ ಕಳಿಸುವುದು. ಅಷ್ಟೇ. ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸುವುದಕ್ಕಿಂತ ಹಗುರ ಕೆಲಸ. ಟಿವಿ ರಿಮೋಟ್‌ಗೆ ದೊಡ್ಡ ಪ್ರೊಸೆಸರ್ ಬೇಕಾ? ಇದಕ್ಕೂ ಬೇಡ.

ಹಾಗಾಗಿ ಹಣ ಹೋಗಬೇಕಾದ್ದು ಎಂಜಿನ್, ಹಳಿ, ಕಮಾಂಡ್ ಸ್ಟೇಷನ್ ಮೇಲೆ. 24 ಸಾವಿರದಲ್ಲಿ 15 ಟ್ಯಾಬ್‌ಗೆ ಹೋದರೆ ಉಳಿದ 9 ಸಾವಿರದಲ್ಲಿ ಅದೆಲ್ಲ ಆಗುವುದಿಲ್ಲ. ಕಡೆಗೆ ಕೈಯಲ್ಲಿ ಒಳ್ಳೇ ಟ್ಯಾಬ್ ಇರುತ್ತದೆ, ಓಡಿಸಲು ರೈಲು ಇರುವುದಿಲ್ಲ. ಆಟಿಕೆ ಅಂಗಡಿಯ ಬ್ಯಾಟರಿ ರೈಲು ಇದಕ್ಕೆ ಆಗದು, ಅದರೊಳಗೆ ಡಿಕೋಡರ್ ಇಲ್ಲ.

ಕಮಾಂಡ್ ಸ್ಟೇಷನ್‌ನಲ್ಲೂ ಉಳಿತಾಯ ಇದೆ. ರೋಕೋದ ಝಡ್21ನಂಥ ತಯಾರು ಪೆಟ್ಟಿಗೆಗಳು ಚೆನ್ನಾಗಿವೆ, ಆದರೆ ಶಾಲೆಗೆ ಎಟುಕುವ ಬೆಲೆಯಲ್ಲ. ಡಿಸಿಸಿ-ಇಎಕ್ಸ್ ಎಂಬುದು ಉಚಿತ ತಂತ್ರಾಂಶ. ಆರ್ಡುಯಿನೋ ಮೆಗಾ ಬೋರ್ಡ್, ಅದರ ಮೇಲೆ ಮೋಟಾರ್ ಶೀಲ್ಡ್, ಒಂದು ವೈ-ಫೈ ಬೋರ್ಡ್ ಸೇರಿಸಿ ಕಮಾಂಡ್ ಸ್ಟೇಷನ್ ಮಾಡಿಕೊಳ್ಳಬಹುದು. ಒಂದೆರಡು ಎಂಜಿನ್‌ಗೆ ಧಾರಾಳ ಸಾಕು. ಬಿಡಿಭಾಗ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ವಿಚಾರಿಸಿ. ಟ್ಯಾಬ್‌ನಲ್ಲಿ ಹಾಕಬೇಕಾದ್ದು ಎಂಜಿನ್ ಡ್ರೈವರ್ ಎಂಬ ಆಪ್, ಅದೂ ಉಚಿತ. ಅದರಲ್ಲಿ ಟ್ಯಾಬ್‌ನ ವಾಲ್ಯೂಮ್ ಬಟನ್‌ನಿಂದಲೇ ವೇಗ ಏರಿಸಿ ಇಳಿಸಬಹುದು. ಸ್ಕ್ರೀನ್ ನೋಡದೆ ರೈಲನ್ನೇ ನೋಡುತ್ತಾ ಓಡಿಸಲು ಮಕ್ಕಳಿಗೆ ಇದು ಅನುಕೂಲ. ಹಳೇ ಲ್ಯಾಪ್‌ಟಾಪ್ ಇದ್ದರೆ ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶ ಹಾಕಿ. ಆಗ ಟ್ಯಾಬ್‌ಗೆ ಆಪ್ ಕೂಡ ಬೇಕಿಲ್ಲ, ಬ್ರೌಸರ್‌ನಲ್ಲೇ ರೈಲು ಓಡುತ್ತದೆ. ಪ್ಲೇ ಸ್ಟೋರ್ ಒಪ್ಪದಷ್ಟು ಹಳೆಯ ಟ್ಯಾಬ್‌ಗೂ ಹೀಗೆ ಜೀವ ಬರಬಹುದು.

ಈಗ ಟ್ಯಾಬ್ ಆಯ್ಕೆ. ಅಂಗಡಿಯವರು, ನನ್ನನ್ನೂ ಸೇರಿಸಿ, ಸಿಮ್ ಹಾಕುವ ಮಾಡೆಲ್ಲನ್ನೇ ಮುಂದೆ ಇಡುತ್ತೇವೆ. ಲಾಭ ಅದರಲ್ಲಿ ಜಾಸ್ತಿ. ಆದರೆ ರೈಲಿಗೆ ಬರೀ ವೈ-ಫೈ ಮಾಡೆಲ್ಲೇ ಒಳ್ಳೆಯದು. ಬೆಲೆ ಕಡಿಮೆ ಅನ್ನುವುದು ಒಂದು ಕಾರಣ. ಇನ್ನೊಂದು ಮುಖ್ಯ. ಕಮಾಂಡ್ ಸ್ಟೇಷನ್ ಕೊಡುವ ವೈ-ಫೈಯಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಆಂಡ್ರಾಯ್ಡ್ ಅದನ್ನು ಕಂಡು ‘ಇಲ್ಲಿ ನೆಟ್ ಇಲ್ಲ’ ಅಂತ ಮೊಬೈಲ್ ಡೇಟಾಗೆ ಜಿಗಿಯಬಹುದು. ಆಗ ಆಪ್‌ಗೂ ಪೆಟ್ಟಿಗೆಗೂ ಸಂಪರ್ಕ ತಪ್ಪುತ್ತದೆ. ಎಂಜಿನ್ ಡ್ರೈವರ್ ಬಳಸುವ ವೈಥ್ರಾಟಲ್ ವಿಧಾನದಲ್ಲಿ ಟ್ಯಾಬ್ ಕೆಲವು ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಅಂತ ಸಂಕೇತ ಕಳಿಸುವ ಏರ್ಪಾಡಿದೆ. ಅದು ನಿಂತರೆ ಸುರಕ್ಷತೆಗಾಗಿ ರೈಲನ್ನೂ ನಿಲ್ಲಿಸುತ್ತಾರೆ. ಪ್ರದರ್ಶನದ ದಿನ ರೈಲು ನಡುದಾರಿಯಲ್ಲಿ ನಿಂತರೆ ಎಲ್ಲರೂ ಎಂಜಿನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಕಾರಣ ಟ್ಯಾಬ್ ಆಗಿರುತ್ತದೆ. ಮನೆಯಲ್ಲಿ ಓದಿಗೂ ಅದೇ ಟ್ಯಾಬ್ ಬೇಕು, ವೈ-ಫೈ ಇಲ್ಲ ಅನ್ನುವವರು ಸಿಮ್ ಮಾಡೆಲ್ ತೆಗೆದುಕೊಳ್ಳಲಿ, ಆದರೆ ರೈಲು ಓಡಿಸುವಾಗ ಡೇಟಾ ಆಫ್ ಇಡಬೇಕು.

ಸ್ಕ್ರೀನ್ 8ರಿಂದ 10 ಇಂಚು ಸಾಕು. ವೇಗದ ಗೆರೆ, ಪಾಯಿಂಟ್ ಬದಲಿಸುವ ಗುಂಡಿ ಬೆರಳಿಗೆ ಸಿಗಬೇಕು, ಅಷ್ಟೇ ಮುಖ್ಯ. ರ್‍ಯಾಮ್ 3 ಜಿಬಿ, ಸ್ಟೋರೇಜ್ 32 ಜಿಬಿ ಇದ್ದರೆ ನಡೆಯುತ್ತದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳಲೇಬೇಡಿ. ಹೊಸದೇ ಬೇಕಾದರೆ ಸ್ಯಾಮ್ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9ರ ವೈ-ಫೈ ಮಾಡೆಲ್ ಬಂದದ್ದು 13 ಸಾವಿರದ ಆಸುಪಾಸಿನಲ್ಲಿ. ಒಳ್ಳೆಯದೇ. ಆದರೆ ಈ ಕೆಲಸಕ್ಕೆ ಅದೂ ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ.

ನಾಲ್ಕೈದು ಸಾವಿರದ ಸೆಕೆಂಡ್ ಹ್ಯಾಂಡ್ ಸಾಕು. ಅದಕ್ಕಿಂತ ಮೊದಲು ಮನೆಯಲ್ಲಿ ಕಪಾಟಿನಲ್ಲಿ ಬಿದ್ದಿರುವ ಟ್ಯಾಬ್ ಇದೆಯಾ ನೋಡಿ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಕೊಂಡು ಆಮೇಲೆ ಮುಟ್ಟದ ಟ್ಯಾಬ್‌ಗಳು ಎಷ್ಟೋ ಮನೆಯಲ್ಲಿವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಚ್ಚರ ಬೇಕು. ಶಿಕ್ಷಣ ಆಪ್‌ಗಳು ಕೋರ್ಸ್ ಜೊತೆ ಕೊಟ್ಟಿದ್ದ ಟ್ಯಾಬ್‌ಗಳು ಅಗ್ಗಕ್ಕೆ ಬರುತ್ತವೆ. ಕೆಲವನ್ನು ಕಂಪೆನಿಯವರೇ ಲಾಕ್ ಮಾಡಿರುತ್ತಾರೆ, ಬೇರೆ ಆಪ್ ಹಾಕಲಾಗುವುದಿಲ್ಲ. ಮಾರುವವನ ಎದುರೇ ರೀಸೆಟ್ ಮಾಡಿಸಿ, ನಿಮ್ಮ ಗೂಗಲ್ ಖಾತೆ ಹಾಕಿ, ಎಂಜಿನ್ ಡ್ರೈವರ್ ಇಳಿಸಿ ನೋಡಿ. ಹಳೇ ಖಾತೆಯ ಪಾಸ್‌ವರ್ಡ್ ಕೇಳಿದರೆ ವಾಪಸ್ ಕೊಟ್ಟುಬಿಡಿ. ಸಿಮ್ ಮಾಡೆಲ್ ಆದರೆ ಐಎಂಇಐ ನಂಬರ್ ತೆಗೆದು 14422ಕ್ಕೆ ‘ಕೆವೈಎಂ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ಆ 15 ಅಂಕಿ ಸೇರಿಸಿ ಎಸ್ಎಂಎಸ್ ಮಾಡಿ. ಕಳವು ಮಾಲು ಅಂತ ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಬರೀ ವೈ-ಫೈ ಟ್ಯಾಬ್‌ಗೆ ಐಎಂಇಐ ಇರುವುದೇ ಇಲ್ಲ, ಹಾಗಾಗಿ ಅಲ್ಲಿ ಹಳೇ ಬಿಲ್ ಕೇಳುವುದೊಂದೇ ದಾರಿ. ಚಂದಾ ಹಣದಲ್ಲಿ ಕೊಂಡ ವಸ್ತುವಿಗೆ ಬಿಲ್ ಇರಲೇಬೇಕು, ನಾಳೆ ಪೋಷಕರು ಕೇಳಿದರೆ ತೋರಿಸಬೇಕಲ್ಲ.

ಬ್ಯಾಟರಿ ಉಬ್ಬಿದೆಯಾ ಅಂತ ಟ್ಯಾಬ್ಬನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡಿ. ಹಿಂಬದಿ ಗುಳ್ಳೆ ಎದ್ದು ಟ್ಯಾಬ್ ಅಲುಗಾಡಿದರೆ ಬೇಡವೇ ಬೇಡ. ನಮ್ಮ ಕಡೆಯ ಬೇಸಿಗೆಯಲ್ಲಿ ಅಂಥದ್ದನ್ನು ಮಕ್ಕಳ ಕೈಗೆ ಕೊಡುವುದು ಅಪಾಯ. ಹಾಗೆಯೇ ಹಳಿಯ 15 ವೋಲ್ಟ್ ಮಕ್ಕಳಿಗೆ ಹೆದರಿಕೆಯದ್ದಲ್ಲ, ಆದರೆ ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್ 230 ವೋಲ್ಟಿನ ಪ್ಲಗ್‌ನಲ್ಲಿರುತ್ತದೆ. ಅದರಲ್ಲಿ ಮಾತ್ರ ಅಗ್ಗದ ಮಾಲು ತೆಗೆದುಕೊಳ್ಳಬೇಡಿ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಿಮ್ಮ ಮೊಬೈಲ್‌ನ ಡೇಟಾ ಆಫ್ ಮಾಡಿ, ಹಾಟ್‌ಸ್ಪಾಟ್ ಮಾತ್ರ ಆನ್ ಮಾಡಿ. ಟ್ಯಾಬ್ಬನ್ನು ಅದಕ್ಕೆ ಜೋಡಿಸಿ, ‘ಇಂಟರ್‌ನೆಟ್ ಇಲ್ಲ, ಆದರೂ ಇರಲೇ?’ ಅಂತ ಕೇಳಿದರೆ ಹೌದು ಅನ್ನಿ. ಸ್ಕ್ರೀನ್ ಆಫ್ ಮಾಡಿ ಹತ್ತು ನಿಮಿಷ ಚಾ ಕುಡಿದು ಬನ್ನಿ. ಬಂದು ನೋಡಿದಾಗ ಸಂಪರ್ಕ ಹಾಗೇ ಇದ್ದರೆ ಆ ಟ್ಯಾಬ್ ತೆಗೆದುಕೊಳ್ಳಿ. ಕಡಿದಿದ್ದರೆ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಉಳಿತಾಯ ಬಂದ್ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಕಡಿದರೆ ಪಕ್ಕದ ಮಾಡೆಲ್ ಕೇಳಿ.